ಪ್ರಾಂಪ್ಟರ್ ತಪ್ಪು

12 ಅಕ್ಟೋಬರ್ 1971, ಮಂಗಳವಾರ. ಸ್ಕಾರ್ಬರೋ

ಆರು ಪೆನ್ಸಿಲ್ ಹೆರೆದೆ. ನಾಲ್ಕು ಕಪ್ಪು, ಎರಡು ಕೆಂಪು. ಕೆಂಪು ಪೂರ್ತಿ ಅಪ್ಪನಿಗೇ. ರಂಗದ ಮೇಲೆ ಅವರು ಮಾತಿನ ನಡುವೆ ಬೇಕೆಂದೇ ಸುಮ್ಮನಾಗುವ ಕಡೆಯೆಲ್ಲ ನಾಟಕದ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಬೇಕು — ಇಲ್ಲಿ ಬಾಯಿ ತೆರೆಯಬೇಡ ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ. ಆಂಬ್ರೋಸ್ ಗಾರ್ಸೈಡ್ ಮಾತಾಡುವುದನ್ನಲ್ಲ, ಸುಮ್ಮನಾಗುವುದನ್ನು ನೋಡಲು ಜನ ಬರುತ್ತಾರೆ ಎಂದು ಯಾವನೋ ಒಮ್ಮೆ ಪತ್ರಿಕೆಯಲ್ಲಿ ಬರೆದ. ಅಪ್ಪ ತಮ್ಮ ಬಗೆಗಿನ ಆ ಸಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಎಪ್ಪತ್ತಾರು ವಯಸ್ಸು. ಹೊಗಳಿಕೆ ಇನ್ನೂ ಸಾಲದು.

ತಾಲೀಮಿಗೆ ಊರಿನ ಪತ್ರಿಕೆಯ ಮಿಸ್ ಬುಲ್ಮರ್ ಬಂದಿದ್ದಳು. ಲೈಬ್ರರಿಯಲ್ಲಿ ಕೂತು ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಳು — ಗಾರ್ಸೈಡ್ ಹೆಸರಿನ ಗಣ್ಯರು. ಒಬ್ಬ ಬಿಷಪ್. ಒಬ್ಬ ಕಾಲುವೆ ಎಂಜಿನಿಯರ್. ಯಾರ್ಕ್‌ಷೈರಿಗೆ ಆಡಿದ ಸ್ಪಿನ್ ಬೌಲರ್. ಆಮೇಲೆ ‘ನಟರ ಮನೆತನ’: ತಾತ, ಅಪ್ಪ, ತಮ್ಮ ರೂಪರ್ಟ್.

“ಬಿಷಪ್ ನಿಮಗೇನಾಗ್ಬೇಕು ಸರ್?”

“ಏನೂ ಆಗ್ಬೇಕಾಗಿಲ್ಲಮ್ಮ. ನಾಟಕದವ್ರು ನೆಂಟ್ರು ಅಂತ ಯಾವ ಬಿಷಪ್ ಒಪ್ಕೋತಾನೆ? ಬೇಕಾದ್ರೆ ಬೌಲರ್ ನಮ್ಮವನೇ ಅಂತ ಬರ್ಕೋ.”

“ನಿಜವಾಗ್ಲೂನಾ?”

“ಸುಳ್ಳು. ಆದ್ರೆ ಅವನು ಬದುಕಿದ್ರೆ ಬೇಡ ಅಂತಿರ್ಲಿಲ್ಲ.”

ಎಲ್ಲರೂ ನಕ್ಕರು. ಆಕೆ ನನ್ನ ಕಡೆ ತಿರುಗಿ, ನೀವೂ ನಟಿಯಾ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, “ಹೆಸ್ಟರ್ ಪುಸ್ತಕ ಹಿಡ್ಕೊಂಡು ಮೂಲೇಲಿ ಕೂರ್ತಾಳೆ” ಎಂದರು. ಆಕೆ ಅದನ್ನು ಬರೆದುಕೊಳ್ಳಲಿಲ್ಲ. ಮಾತು ಮರೆತವರಿಗೆ ಎತ್ತಿಕೊಡುವ ಪ್ರಾಂಪ್ಟರ್ ಆಗಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ... ಒಂದು ಸಾಲು ಬರೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು.

19 ಅಕ್ಟೋಬರ್, ಮಂಗಳವಾರ

ಇಂದಿನಿಂದ ಯಾರ ಕೈಯಲ್ಲೂ ನಾಟಕದ ಪ್ರತಿ ಇಲ್ಲ. ಎಲ್ಲ ಬಾಯಿಪಾಠ. ಪ್ರತಿ ಇರುವುದು ನನ್ನ ಹತ್ತಿರ ಮಾತ್ರ.

ಅಪ್ಪನದು ಬಂದರಿನ ಮುದುಕ ಪೈಲಟ್ ಪಾತ್ರ. ಹಡಗುಗಳನ್ನು ದಡಕ್ಕೆ ತರುವವನು. ಮೂವತ್ತು ವರ್ಷದ ಹಿಂದೆ ಅವನ ಹಡಗಿಗೆ ಸಿಕ್ಕಿ ಮೀನಿನ ದೋಣಿ ಒಂದು ಮುಳುಗಿ ಐದು ಜನ ಸತ್ತಿದ್ದಾರೆ. ದೋಣಿಯ ದೀಪ ಕಾಣಲೇ ಇಲ್ಲ ಎಂದು ಕೋರ್ಟಿನಲ್ಲಿ ಹೇಳಿ ಪಾರಾಗಿದ್ದಾನೆ. ಮೂರನೇ ಅಂಕದಲ್ಲಿ ಮಗನ ಎದುರು ನಿಜ ಒಪ್ಪಿಕೊಳ್ಳುತ್ತಾನೆ. ಮಗನಾಗಿ ರೂಪರ್ಟ್. ಟೀವಿಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರಾಗಿ ಮನೆಮಾತಾದವನು, ಅಪ್ಪನ ಜೊತೆ ಆಡುವುದಕ್ಕೆಂದೇ ಬಂದಿದ್ದಾನೆ. ಚೆನ್ನಾಗಿ ಹೋದರೆ ಲಂಡನ್. ಅಪ್ಪ ಲಂಡನ್ನಿನಲ್ಲಿ ಆಡಿ ಒಂಬತ್ತು ವರ್ಷವಾಯಿತು.

ಎರಡನೇ ಅಂಕ. ಅಪ್ಪ ನಿಂತರು. ಕೆಂಪು ಗೆರೆ ಇಲ್ಲದ ಕಡೆ.

ಬೇಕೆಂದು ನಿಂತಾಗ ಅವರ ಕಣ್ಣು ಎದುರಿನವರ ಮೇಲೆ ಕೂತಿರುತ್ತದೆ. ಇಂದು ಎಲ್ಲೂ ಕೂರಲಿಲ್ಲ. ಗೋಡೆ, ನೆಲ, ರೂಪರ್ಟನ ಬೂಟು. ಮರೆತಿದ್ದರು. ಮಾತು ಎತ್ತಿಕೊಟ್ಟೆ. ಅದನ್ನು ಹಿಡಿದುಕೊಂಡು ಮುಂದುವರಿದರು. ನಿರ್ದೇಶಕ ಕಾಲಿನ್ ತಲೆಯೆತ್ತಿ ನೋಡಿದ. ನನಗೇ ತಿಳಿಯದೆ ಬಾಯಿಂದ ಬಂತು: “ಕ್ಷಮಿಸಿ, ನಂದೇ ತಪ್ಪು. ಅವಸರ ಮಾಡ್ಬಿಟ್ಟೆ.”

ತಾಲೀಮಾಗಲಿ ಆಟವಾಗಲಿ, ಮುಗಿದ ಮೇಲೆ ನಾನು ವರದಿ ಬರೆಯಬೇಕು. ಎಷ್ಟು ಹೊತ್ತು ನಡೆಯಿತು, ಯಾವ ದೀಪ ಕೈಕೊಟ್ಟಿತು, ಯಾರಿಗೆ ಎಷ್ಟು ಸಲ ಮಾತು ಎತ್ತಿಕೊಟ್ಟೆ. ಬರೆದೆ: ಒಂದು. ಪ್ರಾಂಪ್ಟರ್ ತಪ್ಪು. ಇಪ್ಪತ್ತಾರು ವರ್ಷದಲ್ಲಿ ವರದಿಯಲ್ಲಿ ಬರೆದ ಮೊದಲ ಸುಳ್ಳು.

22 ಅಕ್ಟೋಬರ್, ಶುಕ್ರವಾರ

ಮತ್ತೆರಡು. ಎರಡೂ ನನ್ನ ತಲೆಗೇ ಕಟ್ಟಿಕೊಂಡೆ.

ಎರಡನೆಯದಕ್ಕೆ ಅಪ್ಪ ರಂಗದ ಅಂಚಿಗೆ ಬಂದು, ಇಡೀ ಕಂಪನಿಯ ಎದುರು: “ಏನಮ್ಮ ನಿನ್ ಕಥೆ? ನಾನು ಉಸಿರು ತಗೊಳ್ಳೋ ಹಾಗೂ ಇಲ್ವಾ? ಸುಮ್ನಿದ್ದಾನಾ ಮರ್ತಿದ್ದಾನಾ ಅಂತ ಗೊತ್ತಾಗದಿದ್ರೆ ಅಲ್ಲಿ ಯಾಕೆ ಕೂತಿದ್ದೀಯ? ಹೋಗಿ ಬಾಗ್ಲಲ್ಲಿ ಟಿಕೆಟ್ ಹರಿ!”

ಮಿಸ್ಟರ್ ಪ್ಯೂ ತಮ್ಮ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಅಪ್ಪನಿಗೆ ಹುಷಾರಿಲ್ಲದಿದ್ದರೆ ಆ ಪಾತ್ರಕ್ಕೆ ಇಳಿಯಬೇಕಾದವರು ಅವರೇ. ಪಾಪ, ಒಳ್ಳೆಯ ಮನುಷ್ಯ. ಅದಕ್ಕೇ ನೋಡಿದರೆ ಮೈ ಉರಿಯುತ್ತದೆ.

ಆಮೇಲೆ ಕಾಲಿನ್ ಬಂದು ನನ್ನ ಮೇಜಿನ ಮೇಲೆ ಕೂತ. ಮೂವತ್ತೊಂದು ವಯಸ್ಸು, ಬುದ್ಧಿವಂತ, ಅಪ್ಪನ ಮೇಲೆ ಗೌರವ ಇದೆ. “ಹೆಸ್ಟರ್, ಬಿಚ್ಚಿ ಹೇಳ್ತೀನಿ. ಲಂಡನ್ನಿನವ್ರು ನವೆಂಬರ್ ನಾಲ್ಕಕ್ಕೆ ನೋಡೋಕೆ ಬರ್ತಾರೆ. ಮಾತು ಮರೆಯೋ ಮುದುಕನ್ನ ಅವ್ರು ತಗೊಳ್ಳಲ್ಲ. ನಿಮ್ಮ ವರದೀಲಿ ಅವರ ಹೆಸರಿಗೆ ನಾಲ್ಕು ಬಿದ್ರೆ ಅವರ ಬದ್ಲು ಪ್ಯೂ ಅವರನ್ನ ಇಳಿಸ್ತೀನಿ. ಬೇರೆಯವ್ರ ಮಾತು ಕೇಳಲ್ಲ, ನಿಮ್ಮ ವರದಿ ಸಾಕು ನಂಗೆ.”

“ಇದುವರೆಗೆ ಒಂದೂ ಇಲ್ಲ” ಎಂದೆ.

“ನೋಡಿದೀನಿ” ಎಂದ. ಅಷ್ಟೇ ಹೇಳಿ ಹೋದ.

27 ಅಕ್ಟೋಬರ್, ಬುಧವಾರ. ಬೆಳಿಗ್ಗೆ

ನಿನ್ನೆ ಮೊದಲ ಆಟ. ಒಂದೂ ಇಲ್ಲ! ಒಂದೇ ಒಂದು ಮಾತು ಎತ್ತಿಕೊಡಲಿಲ್ಲ. ಮೂರನೇ ಅಂಕದಲ್ಲಿ ಮುಂದಿನ ಸಾಲಿನ ಗಂಡಸರು ಕರವಸ್ತ್ರ ತೆಗೆದರು. ಕೊನೆಯ ಚಪ್ಪಾಳೆಗೆ ಪರದೆ ಒಂಬತ್ತು ಸಲ ಎದ್ದಿತು. ನಾನು ಮೂಲೆಯಲ್ಲಿ ಕೂತು ಹುಚ್ಚಿಯ ಹಾಗೆ ಅತ್ತೆ. ಎಲ್ಲ ಸರಿಹೋಯಿತು. ಆಯಾಸ ಇದ್ದಿರಬೇಕು, ಅಷ್ಟೇ.

31 ಅಕ್ಟೋಬರ್, ಭಾನುವಾರ

ಸರಿಹೋಗಿಲ್ಲ. ಗುರುವಾರ ಒಂದು. ನಿನ್ನೆ ಒಂದು. ಜನರೆದುರೇ. ಒಟ್ಟು ಐದು.

ರೂಪರ್ಟ್ ಮಧ್ಯಾಹ್ನ ಮೀನು-ಚಿಪ್ಸ್ ತಿನ್ನೋಣ ಬಾ ಎಂದು ಕರೆದುಕೊಂಡು ಹೋದ. ಅಂಗಡಿಯವಳು ಅವನನ್ನು ಗುರುತು ಹಿಡಿದು ಎರಡು ತುಂಡು ಹೆಚ್ಚಿಗೆ ಹಾಕಿದಳು. ನನ್ನ ಪೊಟ್ಟಣಕ್ಕೆ ವಿನೆಗರ್ ಹಾಕುವುದನ್ನೂ ಮರೆತಳು. ಬಂದರಿನ ಗೋಡೆ ಮೇಲೆ ಕೂತೆವು.

“ಹೆಸ್, ನಂಗೆ ಗೊತ್ತು” ಎಂದ. “ನಾನು ಅವ್ರಿಂದ ಎರಡಡಿ ದೂರದಲ್ಲಿ ನಿಂತಿರ್ತೀನಿ. ನಿನ್ನ ತಪ್ಪು ಒಂದೂ ಅಲ್ಲ.”

“ಹಾಗಾದ್ರೆ ಕಾಲಿನ್‌ಗೆ ಹೋಗಿ ಹೇಳು.”

“ನಾನ್ಯಾಕೆ ಹೇಳ್ಲಿ? ನೀನೇ ಹೇಳು. ಮರ್ಯಾದೆಯಾಗಿ ನಿಲ್ಲಿಸೋಕೆ ಬಿಡು ಅವ್ರನ್ನ. ಲಂಡನ್ನಿನಲ್ಲಿ ಎಂಟುನೂರು ಜನ್ರ ಎದುರು ಬಾಯಿ ಬಿಟ್ಕೊಂಡು ನಿಲ್ಲೋದು ನೋಡ್ಬೇಕಾ ನಿಂಗೆ?”

“ನಿಂಗೆ ಬೇರೆ ಪಾರ್ಟು ಸಿಗುತ್ತೆ. ಅವ್ರಿಗೆ ಇದೇ ಕಡೇದು.”

“ಅದಕ್ಕೆ ದಿನಾ ಎಲ್ಲರೆದ್ರು ಬೈಸ್ಕೋತೀಯ? ಎರಡ್ನೇ ಕ್ಲಾಸಿನ ಹುಡುಗಿ ಥರ?”

“ಬೈಸ್ಕೊಂಡು ಅಭ್ಯಾಸ ಇದೆ ನಂಗೆ. ನಿಂಗಿಲ್ಲ.”

ಒಂದು ಚಿಪ್ಸ್ ಎತ್ತಿ ಕಡಲಹಕ್ಕಿಗೆ ಎಸೆದ. ನಿಜ ತಾನೆ. ಹತ್ತೊಂಬತ್ತರಲ್ಲಿ ನಾನೂ ಅಪ್ಪನೆದುರು ಒಂದು ಪಾರ್ಟ್ ಓದಿ ತೋರಿಸಿದ್ದೆ. ಮುಗಿಯುವವರೆಗೂ ಕೇಳಿ, ಗಂಟಲು ಚೆನ್ನಾಗಿದೆ, ಮೂಲೆಗೆ ಸರಿಹೋಗುತ್ತೆ ಎಂದರು. ಇವನಿಗೆ ಅದೇ ವಯಸ್ಸಿನಲ್ಲಿ ಹೊಸ ಸೂಟು ಹೊಲಿಸಿದರು. ಹೊಟ್ಟೆಕಿಚ್ಚು ಇದೆ. ಇಲ್ಲ ಎಂದು ಇಲ್ಲಿಯೂ ಸುಳ್ಳು ಬರೆಯಲಾರೆ.

3 ನವೆಂಬರ್, ಬುಧವಾರ

ನಿನ್ನೆ ಎರಡು. ಏಳಾಯಿತು.

ನಿನ್ನೆಯ ಎರಡನೆಯದು ಕೆಟ್ಟದ್ದು. ನಾನು ಎತ್ತಿಕೊಟ್ಟ ಮಾತೂ ಅವರಿಗೆ ತಾಗಲಿಲ್ಲ. ಮತ್ತೊಮ್ಮೆ ಕೊಡಬೇಕಾಯಿತು. ಒಳಗೆ ಬಂದು, “ಗಟ್ಟಿಯಾಗಿ ಹೇಳೋಕೂ ಬರಲ್ವಲ್ಲ ನಿಂಗೆ!” ಎಂದು ಕೂಗಾಡಿ ಬಾಗಿಲು ಬಡಿದುಕೊಂಡರು. ವರದಿ: ಎರಡು. ಪ್ರಾಂಪ್ಟರ್ ತಪ್ಪು.

ನಾಳೆ ಲಂಡನ್ನಿನವರು. ಹೋಟೆಲಿನಲ್ಲಿ ಇಬ್ಬರಿಗೆ ರೂಮು ಹೇಳಿಯಾಗಿದೆ. ಈಗ ಯಾರು ಎಲ್ಲಿ ಒಂದು ಕ್ಷಣ ನಿಂತರೂ ಮಾತು ಎತ್ತಿಕೊಡಲು ನನ್ನ ಬಾಯಿ ತೆರೆದುಕೊಳ್ಳುತ್ತದೆ. ಇವತ್ತು ನಾವು ಇಳಿದುಕೊಂಡಿರುವ ಮನೆಯ ಒಡತಿ ಮಿಸೆಸ್ ಟಾರ್ಡಾಫ್, “ಚಹಾಕ್ಕೆ ಎಷ್ಟು ಚಮಚ...” ಎಂದು ತಡೆದಳು. ‘ಸಕ್ಕರೆ’ ಎಂದು ಎತ್ತಿಕೊಟ್ಟುಬಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿದಳು.

5 ನವೆಂಬರ್, ಶುಕ್ರವಾರ. ಬೆಳಿಗ್ಗೆ 7

ಬರೆಯಲೇಬೇಕು. ಇದ್ದದ್ದು ಇದ್ದ ಹಾಗೆ.

ನಿನ್ನೆ ಮೊದಲೆರಡು ಅಂಕದಲ್ಲಿ ಒಂದು ಮಾತೂ ತಪ್ಪಲಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಹತ್ತು ವರ್ಷದಲ್ಲಿ ನೋಡಿಲ್ಲ. ಲಂಡನ್ನಿನವರು ಐದನೇ ಸಾಲಿನಲ್ಲಿ ಕುರ್ಚಿಯ ತುದಿಗೆ ಬಂದಿದ್ದರು.

ಮೂರನೇ ಅಂಕ. ತಪ್ಪೊಪ್ಪಿಗೆ. ‘ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು, ಮಗನೇ’ — ಇದಾದ ಮೇಲೆ ‘ದೀಪ ಕಂಡಿತ್ತು ನನಗೆ’ ಎನ್ನಬೇಕು. ನಡುವೆ ಕೆಂಪು ಗೆರೆ ಇಲ್ಲ. ಎಂದೂ ನಿಂತಿದ್ದಿಲ್ಲ. ನಿನ್ನೆ ನಿಂತರು. ನಿಂತು ನಿಧಾನಕ್ಕೆ ರಂಗದ ಮೇಲಿನ ಕಿಟಕಿ ಕಡೆ ತಿರುಗಿದರು. ನನಗೆ ಬೆನ್ನು. ಕಣ್ಣು ಕಾಣಲಿಲ್ಲ.

ಎಣಿಸಿದೆ. ಆರು. ಏಳು. ಇಡೀ ಥಿಯೇಟರಿನಲ್ಲಿ ಒಂದು ಸದ್ದಿಲ್ಲ. ಒಂಬತ್ತು. ಮಂಗಳವಾರದ ಹಾಗೆ ಎರಡೆರಡು ಸಲ ಹೇಳಬೇಕಾಗಿ ಬಂದರೆ? ಗಟ್ಟಿಯಾಗಿ ಹೇಳು ಎಂದಿದ್ದರಲ್ಲ. ಹನ್ನೊಂದು. ಹನ್ನೆರಡು —

“ದೀಪ ಕಂಡಿತ್ತು!” ಎಂದೆ. ಗಟ್ಟಿಯಾಗಿ.

ಆ ಮಾತು ಬಾಯಿಂದ ಹೊರಟ ಗಳಿಗೆಯಲ್ಲೇ ಗೊತ್ತಾಯಿತು. ಅಪ್ಪ ತಿರುಗಿದರು. ಕಣ್ಣು ನೆಟ್ಟಗೆ ರೂಪರ್ಟನ ಮೇಲೆ, ತುಂಬಿಕೊಂಡಿತ್ತು, ತುಟಿ ಆಗಲೇ ಆ ಮಾತಿಗೆ ತೆರೆದಿತ್ತು. ಮರೆತಿರಲಿಲ್ಲ. ಹಿಡಿದು ನಿಲ್ಲಿಸಿದ್ದರು. ಐದು ಜನರನ್ನು ಕೊಂದ ಗುಟ್ಟು ಮೂಲೆಯಿಂದ ಹೆಂಗಸಿನ ದನಿಯಲ್ಲಿ ಬಂತು. ಮೇಲಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನಷ್ಟು ಜನ.

ನಾಟಕ ಅಲ್ಲೇ ಸತ್ತಿತು. ಅಪ್ಪ ಕೊನೆಯವರೆಗೂ ಆಡಿದರು, ಪಾಪ. ಲಂಡನ್ನಿನವರು ಪರದೆ ಬಿದ್ದ ಕೂಡಲೇ ಎದ್ದು ಹೋದರು.

ಒಳಗೆ ಅಪ್ಪ ಕೂಗಾಡಲಿಲ್ಲ. ಅದೇ ಹೆದರಿಕೆಯಾದದ್ದು. “ನಾನು ಹಿಡ್ಕೊಂಡಿದ್ದೆ ಕಾಲಿನ್. ಮರೆತಿರ್ಲಿಲ್ಲ. ಹಿಡ್ಕೊಂಡಿದ್ದೆ” ಎಂದರು ಮೆಲ್ಲಗೆ. ಕಾಲಿನ್, “ಆಯ್ತು ಸರ್, ಆಯ್ತು, ಸುಸ್ತಾಗಿದೀರಿ” ಎಂದ. ರೂಪರ್ಟ್ ನೆಲ ನೋಡುತ್ತಿದ್ದ. ಅವನೂ ನಂಬಲಿಲ್ಲ. ಎರಡಡಿ ದೂರದಲ್ಲಿದ್ದವನು!

ವರದಿ ಬರೆದೆ. ಒಂದು. ಪ್ರಾಂಪ್ಟರ್ ತಪ್ಪು. ಕಾಲಿನ್ ಓದಿ ಫೈಲು ಮುಚ್ಚಿದ.

“ಎಂಟು ಸಲ ಹೆಸ್ಟರ್. ಎಂಟು ಸಲವೂ ಅವೇ ಎರಡು ಪದ. ನಾನೇನು ಮೂರ್ಖನಾ? ಎರಡು ವಾರದಿಂದ ಗೊತ್ತು ನಂಗೆ. ಅಪ್ಪ ಅಂತ ನೀವು ಮಾಡ್ತಿದೀರಿ, ನಾನೂ ಕಣ್ಮುಚ್ಕೊಂಡೆ. ಅದು ನನ್ನ ತಪ್ಪು.”

“ಇದು ನಿಜವಾಗ್ಲೂ ನಂದೇ ಕಾಲಿನ್. ದೇವ್ರಾಣೆ.”

“ಗೊತ್ತು ಗೊತ್ತು. ಒಳ್ಳೆ ಮಗಳು ನೀವು.” ಭುಜ ತಟ್ಟಿದ.

ಇಂದು ಆಟವಿಲ್ಲ; ಶನಿವಾರದ ಮ್ಯಾಟಿನಿ ಅಪ್ಪನಿಗೆ ಕೊನೆಯದಂತೆ. ಪಿಂಚಣಿದಾರರ ಸಂಘದವರು ಇಡೀ ಬಾಲ್ಕನಿ ಕಾದಿರಿಸಿದ್ದಾರೆ, ಅವರು ಬರುವುದು ಆಂಬ್ರೋಸ್ ಗಾರ್ಸೈಡ್‌ಗೆ. ಅಂದು ಸಂಜೆಯಿಂದ ಪ್ಯೂ.

ಬೆಳಗಿನವರೆಗೂ ಇದೇ ಯೋಚನೆ. ಈ ಎಂಟನೆಯದು ನನ್ನದು ಎಂದು ನಂಬಿಸಬೇಕಾದರೆ ಮೊದಲ ಏಳು ನನ್ನವಲ್ಲ ಎನ್ನಬೇಕು. ಏಳು ಅವರದೆಂದರೆ ಅವರು ಹೋಗಲೇಬೇಕು. ಯಾವ ಕಡೆಯಿಂದ ಹಿಡಿದರೂ ನಾನೇ ಮುಳುಗಿಸಿದ್ದು. ಮರೆತದ್ದಕ್ಕೆ ಹೋಗಿದ್ದರೂ ಒಂದು ಮಾತು. ಮರೆಯದೇ ಇದ್ದ ದಿನ, ಜೀವಮಾನದಲ್ಲೇ ಚೆನ್ನಾಗಿ ಆಡಿದ ದಿನ ಹೋಗುತ್ತಿದ್ದಾರೆ. ನನ್ನಿಂದ.

ಅದೇ ದಿನ, ಮಧ್ಯಾಹ್ನ 4

ಅಪ್ಪನ ರೂಮಿಗೆ ಹೋದೆ. ಬೆಳಗಿನ ಕಿಪ್ಪರ್ ಮೀನು ತಟ್ಟೆಯಲ್ಲಿ ಹಾಗೇ ಒಣಗಿತ್ತು. ಹೊರಗೆ ರಸ್ತೆಯಲ್ಲಿ ನವೆಂಬರ್ ಐದರ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದರು, ಮಕ್ಕಳು ಆಗಲೇ ಪಟಾಕಿ ಹಚ್ಚುತ್ತಿದ್ದವು. ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಬೈಯುತ್ತಾರೆ, ಬೈಯಲಿ, ಎಂದು ನಿಂತೆ.

“ಮೂರನೇ ಸಾಲಲ್ಲಿ ಒಬ್ಳು ಹೆಂಗ್ಸಿದ್ಳು” ಎಂದರು. “ಹಸಿರು ಟೋಪಿ. ಮೊದಲನೇ ಅಂಕದಿಂದ ಕೆಮ್ತಾ ಇದ್ಳು. ನಿನ್ನೆ ನಾನು ತಿರುಗ್ದಾಗ ಕರವಸ್ತ್ರ ಬಾಯಿಗೆ ಒತ್ಕೊಂಡ್ಳು, ಕಿಟಕಿ ಗಾಜಲ್ಲಿ ಕಾಣ್ತಿತ್ತು. ಅವಳು ತಡಕೊಳ್ಳೋವರೆಗೂ ನಿಲ್ಬೇಕು ಅನ್ಕೊಂಡೆ. ಕೆಮ್ಮಿದ ತಕ್ಷಣ ಮಾತು. ಇನ್ನೊಂದೆರಡು ಕ್ಷಣ, ಅಷ್ಟೇ.”

“ಗೊತ್ತು ಅಪ್ಪ. ನಂದೇ ತಪ್ಪು. ಎಂಟೂ ನಂದೇ.”

“ಏಳು ನಂದು.”

ಮಂಚದ ಅಂಚಿಗೆ ಕೂತುಬಿಟ್ಟೆ.

“ನಿಮ್ಗೆ ಗೊತ್ತಿತ್ತಾ?”

“ಮರ್ತಿದ್ದು ನಾನು ಮಾರಾಯ್ತಿ, ನಂಗೆ ಗೊತ್ತಿರಲ್ವಾ? ಒಂದೊಂದೂ ಗೊತ್ತು. ಕಾಲಡಿ ಹಲಗೇನೇ ಇಲ್ಲ ಅನ್ಸುತ್ತೆ.”

“ಗೊತ್ತಿದ್ದೂ ಎಲ್ಲರೆದ್ರು ನನ್ನ ಬೈದ್ರಾ? ಟಿಕೆಟ್ ಹರಿ ಅಂದ್ರಿ!”

“ಬೈಯ್ದೇ ಇದ್ರೆ ಯಾರು ನಂಬ್ತಿದ್ರು?”

ಎಷ್ಟು ಸಹಜವಾಗಿ ಹೇಳಿದರು! ಕೈಗೆ ಸಿಕ್ಕ ಮೀನಿನ ತಟ್ಟೆ ಎತ್ತಿ ಗೋಡೆಗೆ ಬಡಿದೆ. ನಲವತ್ತೇಳು ವರ್ಷದ ಹೆಂಗಸು ನಾನು. ಕೆಳಗಿನಿಂದ ಮಿಸೆಸ್ ಟಾರ್ಡಾಫ್, ಏನದು ಸದ್ದು, ಎಂದು ಕೂಗಿದಳು. ಅಪ್ಪ, “ಏನಿಲ್ಲ ಕಣಮ್ಮ, ತಾಲೀಮು!” ಎಂದು ಕೂಗಿದರು. ನನಗೆ ನಗು ಬಂತು. ಅದಕ್ಕೂ ಸಿಟ್ಟು ಬಂತು.

ಚೂರು ಆರಿಸಲು ಬಗ್ಗಿದೆ. ಅಪ್ಪನೂ ಪಕ್ಕದಲ್ಲಿ ಮಂಡಿಯೂರಿದರು, ಕಷ್ಟಪಟ್ಟು. “ನಿನ್ ಮೇಲೆ ಹಾಕಿದ್ದು ತಪ್ಪು” ಎಂದರು. “ಈ ಪಾರ್ಟು ಬಿಡೋಕೆ ಮನಸ್ಸಾಗ್ಲಿಲ್ಲ. ನಾಚಿಕೆಗೆಟ್ಟವನು ನಾನು.” ಜೀವನದಲ್ಲಿ ಮೊದಲ ಸಲ. ಸರಿ, ನಿಮ್ಮ ಕೈ ಕುಯ್ದುಕೊಂಡೀರಿ, ಏಳಿ ಎಂದೆ.

ಏಳಲಿಲ್ಲ. “ನಿನ್ನೆ ಮಾತ್ರ ನಾನು ಮರೆತಿರ್ಲಿಲ್ಲ ಹೆಸ್ಟರ್. ಆ ಸುಮ್ಮನಿದ್ದಿದ್ದು ನಂದು. ಕಾಲಿನ್ ನಂಬಲ್ಲ, ರೂಪರ್ಟೂ ನಂಬಲ್ಲ. ನಿಂಗೆ ಗೊತ್ತಲ್ವಾ?”

“ಗೊತ್ತು ಅಪ್ಪ. ಅದು ನಿಮ್ದೇ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಮಗುವಿನ ಹಾಗೆ ತಲೆಯಾಡಿಸಿದರು. ಆಮೇಲೆ, “ನಾಳೆ ವರದಿ ಸರಿಯಾಗಿ ಬರಿ” ಎಂದರು. “ನಾನು ಬೀಳಿಸಿದ್ದೆಲ್ಲ ನನ್ನ ಹೆಸ್ರಿಗೇ ಬರಿ. ಸಾಕು ನಿನ್ ಹೆಸರು ಕೆಡಿಸ್ಕೊಂಡಿದ್ದು.”

6 ನವೆಂಬರ್, ಶನಿವಾರ. ಸಂಜೆ 5.20

ಮ್ಯಾಟಿನಿ ಮುಗಿಯಿತು. ಬಾಲ್ಕನಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಿಲ್ಲಲಾಗದವರು ಕೋಲು ನೆಲಕ್ಕೆ ಕುಟ್ಟಿದರು.

ನಾಲ್ಕು ಸಲ ಮರೆತರು. ನಾಲ್ಕು ಸಲವೂ ಕೊಟ್ಟೆ, ಸ್ಪಷ್ಟವಾಗಿ, ಮುಚ್ಚುಮರೆ ಇಲ್ಲದೆ. ಒಮ್ಮೆ ಮೂಲೆ ಕಡೆ ತಲೆ ಬಾಗಿಸಿ ತೆಗೆದುಕೊಂಡರು, ಜನ ಅದಕ್ಕೂ ತಟ್ಟಿದರು. ನೋವಾಯಿತು. ಆದರೆ ಅವಸರ ಮಾಡಲಿಲ್ಲ.

ವರದಿ: ನಾಲ್ಕು. ನಾಲ್ಕೂ ಆಂಬ್ರೋಸ್ ಗಾರ್ಸೈಡ್. ಕೆಳಗೆ ಹಿಂದಿನ ಏಳರ ತಾರೀಖನ್ನೂ ಸಾಲಾಗಿ ಬರೆದೆ, ಅವೂ ಅವರದೇ, ನಾನು ಸುಳ್ಳು ಬರೆದಿದ್ದೆ ಎಂದು. ಆಮೇಲೆ: 4 ನವೆಂಬರ್ — ಪ್ರಾಂಪ್ಟರ್ ತಪ್ಪು. ಸಹಿ ಹಾಕಿದೆ.

ಕಾಲಿನ್ ನಿಂತೇ ಓದಿದ. ಏಳರ ಪಟ್ಟಿಗೆ ತಲೆಯಾಡಿಸುತ್ತಿದ್ದವನು ಕೊನೆಯ ಸಾಲಿಗೆ ಬಂದು ನಿಂತ. ಮತ್ತೆ ಮೇಲಿನಿಂದ ಓದಿದ. ಕುರ್ಚಿ ಎಳೆದುಕೊಂಡು ಕೂತ.

“ಹೆಸ್ಟರ್... ಹಾಗಾದ್ರೆ ಗುರುವಾರ—”

“ಹೌದು.”

“ಆ ಪಾಟಿ ಹೊತ್ತು ಬೇಕು ಅಂತಲೇ ನಿಂತಿದ್ರಾ? ಕಿಟಕಿ ಕಡೆ ತಿರುಗಿ?”

“ಹೌದು ಕಾಲಿನ್. ನಾನು ಹಾಳು ಮಾಡ್ದೆ.”

ಮುಖ ಎರಡೂ ಕೈಯಲ್ಲಿ ಉಜ್ಜಿಕೊಂಡ. “ಅಯ್ಯೋ ದೇವ್ರೇ” ಎಂದ. “ಎಂಥಾ ಜಾಗ ಹುಡುಕಿದ್ರು. ಅಲ್ಲೇ ನಿಲ್ಬೇಕಿತ್ತು. ನಾಟಕದಲ್ಲಿ ಅದೊಂದೇ ಜಾಗ. ನಂಗೇ ಹೊಳೀಲಿಲ್ವಲ್ಲ.” ಪುಸ್ತಕ ತೆರೆಸಿ, ಆ ಎರಡು ಮಾತಿನ ನಡುವೆ ಕೆಂಪು ಗೆರೆ ಎಳೆಯಲು ಹೇಳಿದ. ಎಳೆದೆ. ಇನ್ನು ಪ್ಯೂ ಅಲ್ಲಿ ನಿಲ್ಲಬೇಕಂತೆ.

ಪ್ಯೂ ಆಗಲೇ ಗಡ್ಡ ಅಂಟಿಸಿಕೊಳ್ಳುತ್ತಿದ್ದಾರೆ. ಅದು ಬದಲಾಗುವುದಿಲ್ಲ. ಕಾಲಿನ್ ಅದನ್ನು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಆದರೆ ಅವನು ನಂಬಿದ. ನಂಬಿದ!

ಅಪ್ಪ ಇನ್ನೂ ಮೇಕಪ್ ರೂಮಿನಲ್ಲೇ ಇದ್ದಾರೆ, ಬಣ್ಣ ಒರೆಸಿಕೊಳ್ಳುತ್ತಾ. ರೂಪರ್ಟ್ ಕಾರು ತರಲು ಹೋಗಿದ್ದಾನೆ. ಅವರು ಹೊರಡುವ ಮೊದಲು ಹೇಳಬೇಕು. ಹೇಗೆ ಶುರು ಮಾಡಲಿ? ‘ಅಪ್ಪ, ಕಾಲಿನ್ ಹೇಳಿದ, ಆ ಜಾಗ...’ ಅಲ್ಲ, ಮೊದಲು ಕುರ್ಚಿ ಮೇಲೆ ಕೂರಿಸಬೇಕು. ಬಾಗಿಲು ತೆರೆದ ಸದ್ದು. ಕೋಟು ಹಾಕಿಕೊಂಡೇ ಬಂದುಬಿಟ್ಟರು, ಇತ್ತಲೇ —